ಯಾವ ಲೋಕ ವಾಸಿ?

ಶಿಡ್ಲಘಟ್ಟ. ಇಂತಿಯಾಜನ ಫಿಲೇಚರ್ ಮೇಲಿನ ಅಟ್ಟ.
ಭಾನುವಾರ ರಾತ್ರಿ. ಕೆಳಗೆ ಬಾಯ್ಲರ್ ಆರಿದೆ,
ಬೆಂದ ಹುಳದ ವಾಸನೆ ಆರಿಲ್ಲ.
ನಾಲ್ಕು ಜನ, ಒಂದು ಚಾಪೆ, ಹುರಿಗಡಲೆ,
ಇಪ್ಪತ್ತು ಮುಖದ ಒಂದೇ ದಾಳ.
ಅದರಲ್ಲಿ ಹದಿಮೂರೂ ಹದಿನೆಂಟೂ
ಸವೆದು ಅವಳಿಗಳಾಗಿವೆ, ಪ್ರತಿ ಸಲ ಜಗಳ.

ಹಳೇ ಆಟ ಮುಗಿದಿದೆ. ಹೊಸದು ಶುರುವಾಗಬೇಕು.
ಯಾವ ಲೋಕದಲ್ಲಿ?

ಚೌಡರೆಡ್ಡಿಗೆ ಮಂಜಿನ ಸೀಮೆಯೇ ಆಗಬೇಕು.
"ಅಲ್ಲಿ ಆರು ತಿಂಗಳು ರಾತ್ರಿ ಕಣ್ರೋ,
ಉಸಿರು ಗಡ್ಡದಲ್ಲೇ ಹೆಪ್ಪುಗಟ್ಟುತ್ತೆ,
ಕೊಡಲಿ ಹಿಡಿದರೆ ಅಂಗೈ ತೊಗಲು ಅದಕ್ಕೇ ಅಂಟುತ್ತೆ."
ಮಂಜುಗಡ್ಡೆಯನ್ನ ಅವನು ಕಂಡದ್ದು
ಮೀನಿನ ಪೆಟ್ಟಿಗೆಯಲ್ಲಿ, ಕಬ್ಬಿನ ಹಾಲಿನ ಗಾಡಿಯಲ್ಲಿ.
ಆದರೂ ಅವನು ಹೇಳುತ್ತಿದ್ದರೆ
ಏಪ್ರಿಲ್ ಸೆಕೆಯಲ್ಲಿ ಸುಗುಣ ದುಪಟ್ಟಾ ಹೊದ್ದುಕೊಂಡಳು.

ಸುಗುಣ ನರ್ಸು. ಅವಳದು ತೇಲುವ ದ್ವೀಪಗಳು,
ಮೋಡಕ್ಕೆ ಲಂಗರು ಹಾಕಿದ ಪೇಟೆಗಳು,
ಸೇತುವೆ ದಾಟಲು ಸುಂಕ ಕೇಳುವ ಹಕ್ಕಿಗಳು.
"ನಿನ್ನ ಮಂಜಿನ ಸೀಮೇಲಿ ಹೆಂಗಸರೆಲ್ಲ
ಒಂದೋ ರಾಣಿ, ಇಲ್ಲ ಮಾಟಗಾತಿ.
ನನ್ನ ದ್ವೀಪದಲ್ಲಿ ಲಾಂದ್ರದಂಗಡಿ ಇಟ್ಟವಳೂ ಇದಾಳೆ.
ಅವಳಿಗೊಂದು ಹೆಸರಿದೆ, ಸಾಲದ ಪುಸ್ತಕ ಇದೆ,
ಹಲ್ಲುನೋವೂ ಇದೆ."
"ಅಲ್ಲಿಂದ ಬಿದ್ದರೆ?"
"ಬೀಳ್ತಾ ಇರ್ತೀಯ, ಅಷ್ಟೆ. ಕೆಳಗೆ ನೆಲ ಬರೆದಿಲ್ಲ ನಾನು."

ನೆಲ ಬರೆಯದ ಲೋಕ.
ನನ್ನ ಕಳ್ಳ ಅಲ್ಲಿ ಇನ್ನೂ ಬೀಳುತ್ತಲೇ ಇದ್ದಾನೆ,
ಎರಡು ವರ್ಷದಿಂದ,
ಜೇಬಲ್ಲಿ ಆ ಲಾಂದ್ರದಂಗಡಿಯ ಕದ್ದ ಕೀಲಿ.

ಇಂತಿಯಾಜ್ ಇಷ್ಟು ಹೊತ್ತೂ ಸುಮ್ಮನಿದ್ದ.
ಎದ್ದು, ಗೋಡೆಗೊರಗಿದ್ದ ಹಳೇ ಚಂದ್ರಿಕೆ ಎಳೆದು
ಚಾಪೆಯ ನಡುವೆ ಮಲಗಿಸಿದ.
ಬಿದಿರು. ಸುರುಳಿ ಸುರುಳಿ. ಧೂಳು.
"ಇದು ಊರು" ಅಂದ. "ಒಂದೇ ಬೀದಿ.
ಇಲ್ಲಿ ಹೆಬ್ಬಾಗಿಲು, ಸುತ್ತುತ್ತ ಸುತ್ತುತ್ತ ಇಲ್ಲಿ ಅರಮನೆ.
ಪಕ್ಕದವನ ಕೆಮ್ಮು ಗೋಡೆಯಾಚೆ ಕೇಳುತ್ತೆ,
ಅವನ ಮುಖ ನೋಡೋಕೆ ಅರ್ಧ ದಿನ ನಡೀಬೇಕು.
ಒಂದು ಗೂಡು ಬಿಚ್ಚಿದರೆ ಎಷ್ಟು ಎಳೆ ಬರುತ್ತೋ
ಅದು ಅಲ್ಲಿಯ ಹರದಾರಿ."

"ಡ್ರ್ಯಾಗನ್ ಇಲ್ವ?"
"ಹುಳ ಇದೆ. ಅರಮನೆಯೇ ಅದರ ಗೂಡು.
ನಾಲ್ಕು ಜ್ವರ ದಾಟಿ ಒಳಗೆ ಮಲಗಿದೆ.
ಊರಿನ ಅನ್ನ, ಬಟ್ಟೆ, ದೀಪದ ಬತ್ತಿ, ಎಲ್ಲ ಅದರ ಎಳೆ.
ಇನ್ನೆಂಟು ದಿನಕ್ಕೆ ರೆಕ್ಕೆ ಬರುತ್ತೆ.
ಹಾರೋಕೆ ಬಿಟ್ಟರೆ ಗೂಡು ತೂತು, ಊರು ಉಪವಾಸ.
ಇಲ್ಲಾ, ಈಗಲೇ ನೀರು ಕಾಯಿಸಬೇಕು."

ಯಾರೂ ಹುರಿಗಡಲೆಗೆ ಕೈ ಹಾಕಲಿಲ್ಲ.
"ಯಾವುದು ಸರಿ?" ನಾನೇ ಕೇಳಿದೆ.
"ಗೊತ್ತಿದ್ದರೆ ಆಟ ಯಾಕೋ" ಅಂದ,
ಹತ್ತನೇ ವಯಸ್ಸಿಂದ ಬಿಸಿನೀರಲ್ಲಿ ಬೆಂದ ಬೆರಳನ್ನ
ಬಿದಿರಿನ ಅಂಚಿನ ಮೇಲೆ ಓಡಿಸುತ್ತ.

ನಾನು ಗೂಡಿನ ಮಾರ್ಕೆಟ್ಟಿನಲ್ಲಿ ತೂಕ ಬರೆಯುವವನು.
ಮೂರನ್ನೂ ತೂಗಿ ನೋಡಿದೆ.
ಮಂಜಿನ ಸೀಮೆ ಭಾರ, ಶೌರ್ಯ ಜಾಸ್ತಿ, ನಗು ಕಮ್ಮಿ.
ದ್ವೀಪಗಳು ಹಗುರ. ಆದರೆ ಆ ಒಂದು ಹಲ್ಲುನೋವು
ಹತ್ತು ಕೊಡಲಿಯಷ್ಟು ತೂಗುತ್ತೆ.
ಇದು? ಮುಳ್ಳು ನಿಲ್ಲಲೇ ಇಲ್ಲ.

"ಒಂದು ಷರತ್ತು" ಅಂದೆ. "ನನ್ನ ಕಳ್ಳ
ಸುಗುಣನ ಆಕಾಶದಿಂದ ಈ ಊರಿನ ಸೂರಿಗೆ ಬೀಳಬೇಕು."
"ಲೋಕ ಲೋಕ ಬೆರೆಸಬಾರದು" ಅಂದ ಚೌಡರೆಡ್ಡಿ,
ಮಡಿಯಲ್ಲಿರುವವನ ಹಾಗೆ.
ಸುಗುಣ ಉಗುರು ಕಚ್ಚಿದಳು.
"ನೆಲ ಬರೆದಿಲ್ಲ ಅಂದಿದ್ದೆ.
ಇಲ್ಲ ಅಂದಿರಲಿಲ್ಲ.
ಹದಿನೈದರ ಮೇಲೆ ಬಿದ್ದರೆ ಬದುಕ್ತಾನೆ. ಹಾಕು."

ಹಾಕಿದೆ.
ದಾಳ ಚಂದ್ರಿಕೆಯೊಳಕ್ಕೆ ಬಿದ್ದು
ಬೀದಿ ಹಿಡಿದು ಉರುಳಿ
ಯಾರದೋ ಮನೆ ಮುಂದೆ ನಿಂತಿತು.
ನಾಲ್ಕು ತಲೆ ಬಗ್ಗಿದವು.
ಒಂದು. ಅದರ ಪಕ್ಕ ಸವೆದ ಅಂಕಿ.
"ಹದಿನೆಂಟು!" ನಾನು.
"ಹದಿಮೂರು ಕಣೋ" ಚೌಡರೆಡ್ಡಿ.
ಇಂತಿಯಾಜ್ ಬಲ್ಬಿನ ವೈರು ಹಿಡಿದು ಹತ್ತಿರ ಎಳೆದ.
ಸುಗುಣ ಕಣ್ಣು ಮುಚ್ಚಿ
ಆ ಮುಖದ ಮೇಲೆ ಬೆರಳಿಟ್ಟು ಕೂತಳು,
ನಾಡಿ ನೋಡುವ ಹಾಗೆ.