ಏಳು ಡಿಗ್ರಿ ಒಳಕ್ಕೆ

ತಣ್ಣೀರುಬಾವಿಯ ಶೆಡ್ಡಿನಲ್ಲಿ ನಮ್ಮದು
ಹಡಗಿನ ಒಂದು ತುಂಡು ಮಾತ್ರ, ನಲವತ್ತೇಳನೆಯದು.
ಮೂತಿ ಎಲ್ಲೋ, ಬಾಲ ಇನ್ನೆಲ್ಲೋ.
ಕೇಳಬಾರದು. ಕೇಳಿದರೂ ಹೇಳುವವರಿಲ್ಲ.

ಫ್ಲೇವಿಯಾ ಮೇಡಂ ಕೈಯಲ್ಲೊಂದು ಕೋನಮಾಪಕ.
ಗೋಡೆ ನೆಟ್ಟಗೆ ನಿಂತರೆ ಹುಬ್ಬು ಗಂಟು:
"ಏಳು ಡಿಗ್ರಿ ಒಳಕ್ಕೆ ವಾಲಬೇಕು, ವಾಮನ.
ಆರೂವರೆ ಅಲ್ಲ."

ಮೂವತ್ತು ವರ್ಷ ತೂಗುಗುಂಡು ಬಿಟ್ಟು
ಮರದ ದೋಣಿಗೆ ಮೊಳೆ ಹೊಡೆದ ಹಮ್ಮಬ್ಬನಿಗೆ
ಇದು ಹಿಡಿಸಲೇ ಇಲ್ಲ.
"ಎಂಥ ಹಡಗು ಮಾರಾಯ,
ಸೊಂಟ ಹಿಡಿದವರ ಹಾಗೆ ನಿಂತಿದೆ."

ಲಂಬಕೋನ ಸಿಕ್ಕರೆ ರಾಡಾರಿನ ಅಲೆ
ಮೂಲೆಗೆ ಬಡಿದ ಚೆಂಡಿನ ಹಾಗೆ
ಎಸೆದವನ ಕೈಗೇ ಮರಳುತ್ತದಂತೆ.
ವಾಲಿದ ತಗಡು ಅದನ್ನು ಆಕಾಶಕ್ಕೆ ಜಾರಿಸುತ್ತದೆ.
ಅದಕ್ಕೇ ಕಟಾಂಜನ ಮಡಚಿ ಒಳಗೆ,
ಲಂಗರು ಬಾಗಿಲ ಹಿಂದೆ,
ಹೊಗೆಯನ್ನೂ ಉಪ್ಪುನೀರಲ್ಲಿ ತಣಿಸಿಯೇ ಬಿಡುವುದು.
ನನ್ನ ಬೆಸುಗೆಯ ಗೆರೆಯನ್ನು
ಅಂಗೈಗೆ ತಾಗದಷ್ಟು ಉಜ್ಜಬೇಕು.
ಇಪ್ಪತ್ತು ವರ್ಷದಲ್ಲಿ ಮೊದಲ ಸಲ
ಮಾಡಿದ ಕೆಲಸ ಕಾಣದಿದ್ದರೆ ಶಭಾಷ್.

ಬುತ್ತಿಯ ಬೂತಾಯಿಯ ಮುಳ್ಳು ಬಿಡಿಸುತ್ತ
ಒಂದು ಮಧ್ಯಾಹ್ನ ಕೇಳಿದೆ:
ಪೂರ್ತಿ ಮಾಯ ಆಗ್ತದಾ ಮೇಡಂ?
"ಇಲ್ಲ, ಕಾಣ್ತದೆ.
ಆದರೆ ಪರದೆಯ ಮೇಲೆ ಒಂದು ಮೀನುದೋಣಿಯಷ್ಟು."

ಎಲ್ಲರೂ ನಕ್ಕರು. ನಾನೂ.
ಏಳು ಸಾವಿರ ಟನ್ನು ಉಕ್ಕು,
ಒಂದು ಚುಕ್ಕೆ!
ಹಮ್ಮಬ್ಬ ಮಾತ್ರ ಗಂಜಿಯ ತಟ್ಟೆ ನೋಡುತ್ತ ಕೂತಿದ್ದ.

ಸಂಜೆ ಸೈಕಲ್ ತುಳಿದು ಬೆಂಗ್ರೆಗೆ ಬಂದರೆ
ದಾಮು ಭಾವ ದೋಣಿಯ ಕಂಬ ಹತ್ತಿದ್ದಾನೆ.
ಹಳದಿ ಬಣ್ಣ ಇನ್ನೂ ಒಣಗಿಲ್ಲ,
ಬಾಯಲ್ಲಿ ಸರಿಗೆ, ಕಂಕುಳಲ್ಲಿ ತಗಡಿನ ಗೂಡು,
ಅದರ ಒಂದೊಂದು ಮೂಲೆಯೂ ಲಂಬಕೋನ.
ಕತ್ತಲಲ್ಲಿ ದೊಡ್ಡ ಹಡಗಿನವರು
ನಮ್ಮನ್ನು ನೋಡಿಕೊಂಡು ಹೋಗಲಿ ಅಂತ.

"ಎಂಜಿನಿಯರೇ, ನೆಟ್ಟಗುಂಟಾ ನೋಡು."
ನನ್ನ ಕಣ್ಣು ಈಗ ಮೋಸ ಹೋಗುವುದಿಲ್ಲ.
ಎರಡು ಡಿಗ್ರಿ ತಪ್ಪಿತ್ತು.
ಹತ್ತಿ, ಸುತ್ತಿಗೆಯ ಹಿಡಿಯಿಂದ ಬಡಿದೆ,
ತೊಂಬತ್ತಕ್ಕೆ ಬರುವವರೆಗೆ ಬಡಿದೆ.

ಮೇಲಿಂದ ಅಳಿವೆ, ಅದರಾಚೆ ಕಡಲು.
ಅದರಾಚೆ, ಯಾವುದೋ ಕೋಣೆಯಲ್ಲಿ,
ಊಟ ಬಿಟ್ಟು ಪರದೆ ಕಾಯುವ ಒಬ್ಬ ಹುಡುಗ.
ಚುಕ್ಕೆಯನ್ನು ನಂಬಬೇಡ ಎಂದು
ಅವನಿಗೆ ಕಲಿಸಿದ್ದೇವೆ,
ನಾನು, ಫ್ಲೇವಿಯಾ, ನಲವತ್ತೇಳನೆಯ ತುಂಡು.

"ಕಾಣ್ತದಾ ಇನ್ನು?" ಕೆಳಗಿನಿಂದ ಭಾವ.
ಕಾಣ್ತದೆ, ಅಂದೆ.
ಏನಾಗಿ ಎಂದು ಅವನು ಕೇಳಲಿಲ್ಲ.