ಇಲ್ಲದಿದ್ದರೆ

ದಾವಣಗೆರೆ, ನಿಟ್ಟುವಳ್ಳಿ. ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆ.
ಮಾರ್ಮನ್ ಸಭೆಗೆ ನಾವು ಹನ್ನೊಂದು ಜನ,
ಒಂದು ಫ್ಯಾನು.

ಒಬ್ಬಳೇ ಹೆಂಡತಿ, ಅನ್ನುತ್ತದೆ ಮೇಲಿನ ವಚನ.
ಮೂರು ವಚನ ಕೆಳಗೆ ಒಂದು 'ಇಲ್ಲದಿದ್ದರೆ'.
ಅದು ಬಾಗಿಲು, ಅಂದರು ಸತ್ಯಶೀಲಪ್ಪ,
ದೇವರಿಗೆ ಬೇಕೆನಿಸಿದಾಗ ತೆರೆಯುತ್ತಾನೆ.
ಅಗುಳಿ, ಅಂದಳು ಗ್ರೇಸಮ್ಮ. ಹಾಕಿದ್ದು ಹಾಕಿದ್ದೇ.

ನನ್ನ ಕಡೆ ನೋಡಿದರು. ಕನ್ನಡಕ್ಕೆ ತರುವವಳು ನಾನು.

ಮಂಡಕ್ಕಿ ಭಟ್ಟಿಯ ಹಿಂದೆ ನಮ್ಮದು
ಒಂದೇ ಮನೆ, ಎರಡು ಒಲೆ.
ಅಪ್ಪ ಯಾವ ಗ್ರಂಥವನ್ನೂ ಬಿಚ್ಚಿದವನಲ್ಲ.
ಚಿಕ್ಕವ್ವ ಬಂದ ದಿನ ಅವ್ವ
ಜರಡಿ ಹಿಡಿದು
ಮರಳು ಬೇರೆ ಮಂಡಕ್ಕಿ ಬೇರೆ ಮಾಡುತ್ತ
ಕತ್ತಲಾದರೂ ಏಳಲಿಲ್ಲ.
ನನಗೆ ಅಕ್ಷರ ತಿದ್ದಿಸಿದವಳು
ಚಿಕ್ಕವ್ವ.

'ಇಲ್ಲದಿದ್ದರೆ' ಎಂದೇ ಬರೆದೆ,
ಪೆನ್ನು ತುಸು ಒತ್ತಿ.
ಕೆಳಗಿನ ಹಾಳೆಗೂ ಅಚ್ಚು ಬಿತ್ತು.