ಒತ್ತಕ್ಷರ

ಸ್ಪ್ಲಾಂಖ್ನ.
ಕೌಲ್ ಬಜಾರಿನ ಚರ್ಚಿನ ಹಿಂದಿನ ಕೋಣೆಯಲ್ಲಿ
ಪರಂಜ್ಯೋತಿ ಮಾಸ್ತರು ಬೋರ್ಡಿನ ಮೇಲೆ ಬರೆದರು.
ಸಕಾರಕ್ಕೆ ಪ ಒತ್ತು, ಅದರ ಬುಡಕ್ಕೆ ಲ ಒತ್ತು,
ಖಕಾರಕ್ಕೆ ನ. ಒಳಗಿದ್ದದ್ದೆಲ್ಲ
ಗೆರೆಯ ಕೆಳಗೆ ಜೋತುಬಿದ್ದ ಅಕ್ಷರ,
ಕೊಕ್ಕೆಗೆ ಹಾಕಿ ಸೀಳಿದ ಕುರಿಯ ಹಾಗೆ.

"ಗ್ರೀಕರಿಗೆ ಇದು ಬಲಿಪಶುವಿನ ಒಳಗು:
ಗುಂಡಿಗೆ, ಕಲೇಜಿ, ಪುಪ್ಪುಸ.
ಸುವಾರ್ತೆಗೆ ಬರುವಾಗ ಕ್ರಿಯಾಪದ.
ಎಸ್ಪ್ಲಾಂಖ್ನಿಸ್ಥೇ. ಭೂತಕಾಲ, ಅನ್ಯಪುರುಷ, ಏಕವಚನ,
ರೂಪದಲ್ಲಿ ಕರ್ಮಣಿ.
ಅವನು ಮಾಡಿದ್ದಲ್ಲ, ಅವನಿಗೆ ಆದದ್ದು."

ನಮ್ಮ ಬೈಬಲಿನಲ್ಲಿ 'ಕನಿಕರಪಟ್ಟನು'.
ಪಾಡುಪಟ್ಟ, ಕಷ್ಟಪಟ್ಟ ಅನ್ನುವಾಗಿನ ಪಟ್ಟ.
ಕೊಲ್ಲಲ್ಪಟ್ಟ ಅನ್ನುವಾಗಿನದೂ ಅದೇ.

ಮನೆಯಲ್ಲಿ ಅವ್ವ ಬೋಟಿ ತೊಳೀತಿದ್ದಳು.
ಸುಣ್ಣದ ನೀರು, ಬಿಸಿನೀರು, ಮತ್ತೆ ತಣ್ಣೀರು.
ಬೆರಳಿಗೆ ಸುತ್ತಿ ಒಳಗು ಹೊರಗು ಮಾಡಿದ ಕರುಳು.
ಅರ್ಥ ಹೇಳಿದೆ. ನಕ್ಕಳು.
"ಕರುಳು ಚುರ್ ಅಂತು ಅನ್ನಾಕ
ಹಡಗು ಹತ್ತಿ ಬರಬೇಕಿತ್ತೇನೋ ಒಂದು ಮಾತು?
ಕಲೇಜಿ ಇದ್ರಲ್ಲೇನೋ ಕಾಳಜಿ!"

ಕೋಷ್ಟಕ ಬರೆಯಲು ಕೂತೆ. ನಾನು, ನೀನು, ಅವನು.
'ನನಗೆ' ಅನ್ನುವ ರೂಪ ಸುವಾರ್ತೆಗಳಲ್ಲಿ ಎರಡೇ ಕಡೆ,
ಎರಡು ಸಲವೂ ಎದುರಿಗೆ
ಮೂರು ದಿನ ಉಣ್ಣದ ಜನ.
ಆಜ್ಞಾರೂಪ ಹುಡುಕಿದೆ. ಎಲ್ಲೂ ಇಲ್ಲ.
ಕರುಳೇ, ಚುರ್ ಅನ್ನು, ಎಂದು
ಯಾರೂ ಯಾರಿಗೂ ಹೇಳಿಲ್ಲ.
ಆ ಕಾಲಂ ಖಾಲಿ ಬಿಟ್ಟೆ.

ಒಂಬತ್ತಕ್ಕೆ ಮೌಲಾಲಿ ಬಂದ,
ಜೀನ್ಸ್ ತೊಳೆಯುವ ಶೆಡ್ಡಿನ ಹುಡುಗ.
ಮೂರು ವಾರದ ಬಾಕಿ, ಮುನ್ನೂರ ನಲವತ್ತು.
ಅವ್ವ ಎದ್ದದ್ದು ಬೈಯುವುದಕ್ಕೇ;
ತುಟಿಯ ಅಂಚಿಗೆ ಬಂದು ನಿಂತಿತ್ತು ಬೈಗುಳ.
ಬಲ್ಬಿನ ಕೆಳಗೆ ಅವನು ಕೈ ಚಾಚಿದ.
ಮೊಣಕೈತನಕ ನೀಲಿ,
ಬೆರಳ ಸಂದಿಯಲ್ಲಿ ಮಾತ್ರ, ಚರ್ಮ ಸುಲಿದಲ್ಲಿ, ಕೆಂಪು.

ಅವ್ವನ ಒದ್ದೆ ಕೈ
ತಾನಾಗಿ ಹೋಗಿ ಹೊಕ್ಕುಳ ಕೆಳಗೆ
ಸೀರೆಯ ಗಂಟಿನ ಮೇಲೆ ಕೂತಿತು.
ಅವಳಿಗೆ ಅದು ಗೊತ್ತಾಗಲಿಲ್ಲ.
ನಾನು ಪೆನ್ನು ಹಿಡಿದು ನೋಡುತ್ತಿದ್ದೆ.

ಅರ್ಧ ಕಿಲೋ ತೂಗಿದಳು, ಮೇಲೊಂದು ಹಿಡಿ.
ಸುತ್ತಿ ಕೊಡಲು ಕೈಗೆ ಸಿಕ್ಕಿದ್ದು ನನ್ನ ಕೋಷ್ಟಕ.
ನಾನು, ನೀನು, ಅವನು, ಖಾಲಿ ಕಾಲಂ,
ಎಲ್ಲಾ ಒಟ್ಟಿಗೆ ತೊಯ್ದು
ಶಾಯಿ ಅವನ ಕೈಯ ನೀಲಿಗೆ ಹತ್ತಿತು.

"ಬರೋ ವಾರ ತರಲಿಲ್ಲಂದ್ರ ನೋಡು ಮತ್ತ,"
ಓಣಿಯ ತಿರುವಿಗೂ ಕೇಳುವ ಹಾಗೆ ಕೂಗಿದಳು,
"ಬಡ್ಡಿ ಸೇರಿಸಿ ಇಸ್ಕೊಂತೀನಿ!"